ನಕ್ಷೆಯ ಮೇಲೆ ಇಬ್ಬರ ಹೆಸರು

ನವೆಂಬರ್ 4
ಕಲ್ಲಡ್ಕದ ನನ್ನ ಪುಟ್ಟ ಆರ್ಕಿಟೆಕ್ಟ್ ಆಫೀಸು. ಪ್ರಿಂಟರ್ ಮತ್ತೆ ಮುಷ್ಕರ ಹೂಡಿದೆ. ಅದನ್ನು ಗದರಿಸುತ್ತಿದ್ದಾಗ ಮೂಡುಬಿದಿರೆಯಿಂದ ಶ್ರೇಯಾಂಸಕುಮಾರ್ ಸರ್ ಫೋನ್. ಮೂವತ್ತೆರಡು ವರ್ಷದ ಆರ್ಕಿಟೆಕ್ಟ್ ಆಫೀಸು ಅವರದು. “ತೃಪ್ತಿ, ಇಲ್ಲಿ ಕೆಲಸ ತುಂಬ ಉಂಟು. ಪಾರ್ಟ್‌ನರ್‌ಶಿಪ್ ಮಾಡುವನಾ?”
ಕುಣಿಯಬೇಕು ಅನ್ನಿಸಿತು. “ಆಲೋಚನೆ ಮಾಡಿ ಹೇಳ್ತೇನೆ ಸರ್” ಅಂದೆ. ಗತ್ತು ಬಿಡಬಾರದು.

ನವೆಂಬರ್ 7
ಮೂಡುಬಿದಿರೆಗೆ ಹೋಗಿ ಬಂದೆ. ನನ್ನದು ಒಂದೇ ಷರತ್ತು — ಸಂಬಳಕ್ಕೆ ಬರುವುದಿಲ್ಲ, ನಕ್ಷೆಯ ಮೇಲೆ ಇಬ್ಬರ ಹೆಸರೂ ಇರಬೇಕು. ಸರ್ ನಕ್ಕರು. “ಮೊದಲು ಒಂದು ಮನೆ ಒಟ್ಟಿಗೆ ಮಾಡುವ. ಮತ್ತೆ ನೋಡುವ.”
ಪರೀಕ್ಷೆ! ಎಂಟು ವರ್ಷ ಒಬ್ಬಳೇ ನಿಭಾಯಿಸಿದವಳಿಗೆ. ಇರಲಿ, ರ್‍ಯಾಂಕೇ ತೆಗೆಯುತ್ತೇನೆ. ಮನೆ ತೋಡಾರಿನಲ್ಲಿ, ಜಲಜಾಕ್ಷಿ ಅಮ್ಮನದು. ಮಗ ಲತೇಶ್ ದುಬೈಯಲ್ಲಿ.

ನವೆಂಬರ್ 26
ನಕ್ಷೆ ಮುಗಿಯಿತು. ಚೆಂದ ಬಂದಿದೆ. ನನ್ನ ಕೆಲಸ ನಾನೇ ಹೊಗಳಿಕೊಂಡರೆ ತಪ್ಪೇನು? ಸರ್ ಒಮ್ಮೆ ಕಣ್ಣಾಡಿಸಿದರು, ಸಹಿ ಹಾಕಿದರು. ಲತೇಶ್ ವಾಟ್ಸಾಪಿನಲ್ಲೇ ಓಕೆ ಅಂದರು.

ಡಿಸೆಂಬರ್ 2, ಸಂಜೆ
ಮಾನ ಹೋಯಿತು.
ತೋಡಾರಿನ ಸೈಟಿನಲ್ಲಿ ಪಾಯ ತೋಡಲು ಸುಣ್ಣದ ಗೆರೆ ಹಾಕಿಸುತ್ತಿದ್ದೆ. ಸರ್ ಕೂಡ ಬಂದಿದ್ದರು. ಜಲಜಾಕ್ಷಿ ಅಮ್ಮ ನಕ್ಷೆ ನೋಡಿ ಕೇಳಿದರು, “ದೈವದ ಕೋಣೆಯ ಮೇಲೆ ಎಂತ ಉಂಟು?”
“ಲತೇಶರ ಬೆಡ್‌ರೂಮ್” ಅಂದೆ.
“ದೈವದ ತಲೆ ಮೇಲೆ ಕಾಲು ಚಾಚಿ ಮಲಗುವುದಾ ಅವನು?”
ನಮ್ಮ ಮನೆಯಲ್ಲೂ ಅದೇ ಕ್ರಮ. ದೈವದ ಕೋಣೆಯ ಮೇಲೆ ಯಾರೂ ನಡೆಯುವುದಿಲ್ಲ. ಬುದ್ಧಿ ಬಂದಾಗಿನಿಂದ ಗೊತ್ತು. ಕಂಪ್ಯೂಟರಿನಲ್ಲಿ ಕೆಳಗಿನದು ಬೇರೆ ಫೈಲ್, ಮಹಡಿ ಬೇರೆ ಫೈಲ್ — ಒಂದರ ಮೇಲೊಂದು ಇಟ್ಟು ನೋಡಲೇ ಇಲ್ಲ ನಾನು, ಪೆದ್ದು.
ಸರ್ ಕೂಡಲೇ, “ನಮ್ಮ ಆಫೀಸಿನಿಂದ ತಪ್ಪಾಯ್ತು ಅಮ್ಮ” ಅಂದರು. ನನ್ನನ್ನು ಉಳಿಸಲು. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಾಗೆ ಮಾಡಿದರೆ ನಾನು ಅವರ ಆಫೀಸಿನ ಹುಡುಗಿ ಮಾತ್ರ ಆಗುತ್ತಿದ್ದೆ.
“ಇಲ್ಲ ಅಮ್ಮ, ನಕ್ಷೆ ನನ್ನದು. ತಪ್ಪೂ ನನ್ನದೇ. ಮೂರು ದಿನ ಕೊಡಿ.”
ವಾಪಸು ಬರುವಾಗ ಕಾರಿನಲ್ಲಿ ಸರ್ ಬೇರೆ ಸೈಟಿನವರ ಜೊತೆ ಫೋನಿನಲ್ಲೇ ಇದ್ದರು. ಪಾರ್ಟ್‌ನರ್‌ಶಿಪ್ ಕೈತಪ್ಪಿತೇನೋ.

ಡಿಸೆಂಬರ್ 5
ಬೆಡ್‌ರೂಮ್ ಈಗ ಕಾರ್ ಪೋರ್ಚಿನ ಮೇಲೆ. ದೈವದ ಕೋಣೆಯ ಮೇಲೆ ಬರೀ ಹಂಚು. ನಿಜಕ್ಕೂ ಮೊದಲಿನದಕ್ಕಿಂತ ಚೆನ್ನಾಗಿದೆ.
ಜಲಜಾಕ್ಷಿ ಅಮ್ಮ ತುಂಬ ಹೊತ್ತು ನೋಡಿದರು. “ಹಾಂ, ಇದು ಆಗ್ಬಹುದು. ಯಾರು ಮಾಡಿದ್ದು?”
ನಾನು ಬಾಯಿ ತೆರೆಯುವ ಮೊದಲೇ ಸರ್ ಹೇಳಿದರು, “ನನ್ನ ಪಾರ್ಟ್‌ನರ್.”
ಆಮೇಲೆ ಅವರಿಬ್ಬರೂ ಏನೇನು ಮಾತಾಡಿದರೋ, ನನಗೆ ಒಂದೂ ಕೇಳಿಸಲಿಲ್ಲ.