ದೋಣಿಯವಳ ಊಟ

ಜಾಯ್ಸ್,

ಗೆದ್ದೆವು ಮಾರಾಯ್ತಿ! ಇಂದು ಕೊಚ್ಚಿಯ ವೈಟ್ಟಿಲದ ನಮ್ಮ ಆಫೀಸಿನಲ್ಲಿ ಹೊರಗಿನವರು ಮೊದಲ ಸಲ ನಮ್ಮ ಕನ್ನಡ ಗೇಮ್ ಆಡಿದರು. ಗೇಮಿನೊಳಗೆ ಎಲ್ಲರೂ ಕತ್ತಿ ಹಿಡಿದು, ದೋಣಿಯಿಂದ ಇಳಿದು ರಾಕ್ಷಸನ ದ್ವೀಪಕ್ಕೆ ಓಡಿದರು. ಸುಮಯ್ಯಾ ಎಂಬ ಹುಡುಗಿ ಮಾತ್ರ ಇಳಿಯದೆ, ದೋಣಿ ನಡೆಸುವವಳನ್ನು ಮಲಯಾಳಿಗಳು ಅಕ್ಕನನ್ನು ಕರೆಯುವಂತೆ "ಚೇಚಿ, ಊಟ ಆಯ್ತಾ?" ಎಂದು ಕೇಳುವ ಬಟನ್ ಒತ್ತಿದಳು.

ನೀನು ಹಟ ಹಿಡಿದು ಹಾಕಿಸಿದ ಬಟನ್ ಅದು. "ಯುದ್ಧಕ್ಕೆ ಹೊರಟವನಿಗೆ ಊಟದ ಮಾತ್ಯಾಕೆ?" ಎಂದು ನಾನು ನಕ್ಕಿದ್ದೆ.

"ಆಡುವವರಿಗೆ ಹೊಡೆದಾಟ ಬೇಡ ಅಂತ ಕಂಡ್ರೆ, ಅದಕ್ಕೂ ಗೇಮ್ ಉತ್ತರ ಕೊಡ್ಬೇಕು ಮಾರಾಯ," ಎಂದೆ ನೀನು. ಆಸ್ಪತ್ರೆ ಸೇರುವ ಮೊದಲು ದೋಣಿಯವಳ ಆ ಉತ್ತರವನ್ನು ನಿನ್ನದೇ ಧ್ವನಿಯಲ್ಲಿ ರೆಕಾರ್ಡ್ ಮಾಡಿಟ್ಟೆ. ನೀನು ತೀರಿಹೋದ ಮೇಲೆ ಆ ಬಟನ್ ಒತ್ತಲು ನನ್ನ ಕೈ ಏಳಲಿಲ್ಲ.

ಇಂದು ಇಡೀ ಕೋಣೆಗೆ ನಿನ್ನ ಧ್ವನಿ ಕೇಳಿಸಿತು: "ಇಲ್ಲ, ನಿನಗೇ ಕಾಯ್ತಿದ್ದೆ. ಬಾ, ಕೂತ್ಕೋ."

ಕತ್ತಿ ಹಿಡಿದವರೆಲ್ಲ ನಿನ್ನ ಊಟ ವಿಚಾರಿಸಲು ದೋಣಿಗೆ ಮರಳಿದರು.