ಎಂಜಿನ್ನಿನ ಹೊಟ್ಟೆಗೆ ಬಿದ್ದ ಕರಡಿಗೆ

ಗ್ಲಾಸ್ಗೋ
೧೪ ನವೆಂಬರ್ ೧೯೩೭

ಮಧುಗಿರಿಯಲ್ಲಿರುವ ಅಣ್ಣಯ್ಯ ಚಂದ್ರಶೇಖರಯ್ಯನವರಿಗೆ ತಮ್ಮ ರೇಣುಕಯ್ಯ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳಿ ಬರೆಯುವುದು ವಾಡಿಕೆ. ಈ ಸಲ ಕೇಳಲು ಮನಸ್ಸಿಲ್ಲ. ನಿಮ್ಮ ಕಾಗದವೂ ಪೊಟ್ಟಣವೂ ಬಂದು ಹದಿನೆಂಟು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸಬೇಕು. ನಾಲ್ಕು ಸಲ ಬರೆದು ಹರಿದು ಹಾಕಿದೆ. ಹರಿದವುಗಳಲ್ಲಿ ನಿಮ್ಮನ್ನು ಏಕವಚನದಲ್ಲಿ ಕರೆದಿದ್ದೆ.

‘ಲಿಂಗ ಮೈಬಿಟ್ಟು ಎರಡು ದಿನ ಇದ್ದವನು ನಮ್ಮ ಪಾಲಿಗೆ ಸತ್ತ. ದಾಕ್ಷಾಯಣಮ್ಮನ ಕೊರಳಿನ ತಾಳಿ ತೆಗೆಸಿ ಕಳಿಸಿದ್ದೇನೆ’ ಎಂದು ಬರೆದಿದ್ದೀರಿ. ಎಷ್ಟು ಚೆಂದದ ಅಕ್ಷರ. ಒಂದು ಕಡೆಯೂ ಕೈ ನಡುಗಿಲ್ಲ. ನಾನು ಬದುಕಿದ್ದೇನೆಂದು ಗೊತ್ತಿದ್ದೂ ನನ್ನ ಹೆಂಡತಿಯನ್ನು ವಿಧವೆ ಮಾಡಲು ನಿಮಗೆ ಯಾವ ಹಿರಿಯರು ಹೇಳಿದರು? ಯಾರನ್ನೂ ಕೇಳಿರುವುದಿಲ್ಲ. ಕೇಳುವ ಜಾಯಮಾನ ನಿಮ್ಮದಲ್ಲ.

ನಡೆದದ್ದನ್ನು ಹಿಂದಿನ ಕಾಗದದಲ್ಲೇ ತಿಳಿಸಿದ್ದೆ. ಅದರಲ್ಲಿ ನಿಮಗೆ ಬೇಕಾದ ಒಂದು ಸಾಲನ್ನು ಮಾತ್ರ ಓದಿಕೊಂಡಿದ್ದೀರಿ. ಇನ್ನೊಮ್ಮೆ ಬರೆಯುತ್ತೇನೆ, ಈ ಸಲ ಪೂರ್ತಿ ಓದಿ.

ಬೊಂಬಾಯಿಯ ಹಡಗುಕಟ್ಟೆಯವರು ಕೆಲಸ ಕಲಿಯಲಿ ಎಂದು ನಮ್ಮನ್ನು ಇಲ್ಲಿಗೆ ಕಳಿಸಿದ್ದು ನಿಮಗೆ ಗೊತ್ತೇ ಇದೆ. ಇಲ್ಲಿ ನಾವು ಕಟ್ಟುವುದು ಹಡಗಿನ ಡೀಸೆಲ್ ಎಂಜಿನ್. ಕೊರಟಗೆರೆ ಮಿಲ್ಲಿನಲ್ಲಿ ಕಡಲೇಕಾಯಿ ಸುಲಿಯುವ ಎಂಜಿನ್ ನೋಡಿ, ಇದು ಅದಕ್ಕಿಂತ ಸ್ವಲ್ಪ ದೊಡ್ಡದು ಅಂದುಕೊಂಡಿದ್ದೀರಿ. ಇದರ ಎತ್ತರ ಐದು ಆಳು. ಉದ್ದಕ್ಕೆ ನಮ್ಮ ಮನೆ, ಪಕ್ಕದ ನಾಗಲಿಂಗಯ್ಯನವರ ಮನೆ ಎರಡೂ ಸೇರಬೇಕು. ಮೊದಲು ನೆಲಕ್ಕೆ ಎರಕದ ತಳ ಕೂರಿಸುತ್ತಾರೆ. ಅದರ ಮೇಲೆ ಕ್ರ್ಯಾಂಕ್ ಶಾಫ್ಟ್ ಮಲಗುವ ಬೇರಿಂಗುಗಳು. ಶಾಫ್ಟಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಇಳಿಸಿ, ತಿರುಗಿಸಿ, ಮತ್ತೆ ಎತ್ತಿ, ಬೇರಿಂಗಿನಲ್ಲಿ ನೀಲಿ ಹತ್ತಿದ ಕಡೆಯೆಲ್ಲ ಕೈಯಲ್ಲಿ ಹೆರೆಯಬೇಕು. ಕೂದಲೆಳೆಯಷ್ಟು ಉಬ್ಬು ಉಳಿದರೂ ಮತ್ತೆ ಎತ್ತು, ಮತ್ತೆ ಹೆರೆ. ಮೂರು ವಾರ ನಾನು ಮಾಡಿದ್ದು ಅದೇ. ಆಮೇಲೆ ಕಂಬಗಳು, ಕಂಬದ ಮೇಲೆ ಸಿಲಿಂಡರುಗಳು, ಮೇಲಿಂದ ತಳದ ತನಕ ಎಲ್ಲವನ್ನೂ ಬಿಗಿದು ಹಿಡಿಯುವ ನಾಲ್ಕೈದು ಮಾರುದ್ದದ ಬೋಲ್ಟುಗಳು. ಪೂರ್ತಿ ಕಟ್ಟಿ, ಇಲ್ಲೇ ಓಡಿಸಿ ನೋಡಿ, ತಿರುಗಿ ಬಿಚ್ಚಿ, ಒಂದೊಂದು ಭಾಗಕ್ಕೂ ಗುರುತು ಹೊಡೆದು, ಹಡಗಿನೊಳಗೆ ಮತ್ತೆ ಕಟ್ಟುತ್ತಾರೆ. ಮಾಡಲು ಬೇರೆ ಕೆಲಸವಿಲ್ಲ ಅವರಿಗೆ ಎಂದು ನೀವು ಮೂಗು ಮುರಿಯುವುದು ಇಲ್ಲಿಗೇ ಕಾಣುತ್ತದೆ.

ಎಂಜಿನ್ನಿನ ಹೊಟ್ಟೆಯೊಳಗೆ ಇಳಿಯುವವನು ಜೇಬು ಖಾಲಿ ಮಾಡಬೇಕು. ಉಂಗುರ, ಪೆನ್ಸಿಲ್ಲು, ಸಡಿಲವಾದ ಗುಂಡಿ, ಎಲ್ಲವೂ ಬಾಗಿಲ ಬಳಿಯ ತಟ್ಟೆಗೆ. ಲೋಹದ ಒಂದು ಚೂರು ಒಳಗೆ ಉಳಿದರೂ ಎಂಜಿನ್ ಓಡುವಾಗ ಅನಾಹುತ. ನಾನು ಎಲ್ಲ ಕೊಟ್ಟೆ, ಕೊರಳಿನ ಕರಡಿಗೆ ಕೊಡಲಿಲ್ಲ. ಲಿಂಗವಿರುವ ಬೆಳ್ಳಿ ಕರಡಿಗೆಯನ್ನು ಯಾರದೋ ಸಿಗರೇಟು ಡಬ್ಬಿಯ ಪಕ್ಕ ಇಡಲೇ? ಅದನ್ನು ಮೈಯಿಂದ ತೆಗೆಯಬಾರದೆಂದು ಏಳನೇ ವಯಸ್ಸಿನಲ್ಲಿ ನನ್ನ ಕೆನ್ನೆಗೆ ಹೊಡೆದು ಕಲಿಸಿದವರು ನೀವೇ. ಅಂಗಿಯೊಳಗೆ ಮುಚ್ಚಿಕೊಂಡು ಇಳಿದೆ. ಸಂಜೆ ಮೇಲೆ ಬಂದಾಗ ಕೊರಳು ಬರಿದಾಗಿತ್ತು.

ಮರುದಿನ ಎಂಜಿನ್ ಓಡಿಸುವುದಿತ್ತು. ನನ್ನ ಜೊತೆಗೆ ಬಂದಿರುವ ಗೌಡಗೆರೆಯ ಗಂಗಹನುಮಯ್ಯ ನನ್ನ ಮುಖ ನೋಡಿಯೇ ವಿಷಯ ಬಾಯಿಬಿಡಿಸಿದ. “ಲೇ ರೇಣುಕ, ಈಗ್ಲೇ ಹೋಗಿ ಹೇಳ್ಬುಡು ಕಣ್ಲಾ. ಕೆಲ್ಸ ಹೋದ್ರೆ ಹೋಗ್ಲಿ. ಅದು ಓಡಕ್ಕೆ ಸುರುವಾದ್ರೆ ನಿನ್ ಲಿಂಗಾನೂ ಇರಾಕಿಲ್ಲ, ಮಿಸೀನೂ ಇರಾಕಿಲ್ಲ” ಎಂದ. ಹೋಗಿ ಹೇಳಿದೆ. ಫೋರ್‌ಮನ್ ಬೈಯಲಿಲ್ಲ. ಎರಡು ದಿನ ಕೆಲಸ ನಿಲ್ಲಿಸಿ ಎಂಜಿನ್ನಿನ ಬಾಗಿಲುಗಳನ್ನೆಲ್ಲ ಬಿಚ್ಚಿಸಿದ. ಐದನೇ ಸಿಲಿಂಡರಿನ ಕೆಳಗೆ, ಎಣ್ಣೆಯೊಳಗೆ, ದಾರದ ಸಮೇತ ಸಿಕ್ಕಿತು.

ಆತ ದಾರವನ್ನು ಬೆಳಕಿಗೆ ಹಿಡಿದು ನೋಡಿದ. ಹರಿದ ದಾರದ ತುದಿ ಕೆದರಿರುತ್ತದೆ, ಕತ್ತರಿಸಿದ್ದರ ತುದಿ ಮೊಂಡಾಗಿರುತ್ತದೆ, ಇದು ಎರಡೂ ಅಲ್ಲ, ಗಂಟು ಬಿಚ್ಚಿಕೊಂಡಿದೆ, ಯಾರು ಹಾಕಿದ ಗಂಟು ಎಂದು ಕೇಳಿದ. ನಾನೇ ಹಾಕಿದ್ದು. ಮೂರು ವರ್ಷದ ಹಿಂದೆ ಮಧುಗಿರಿಯಲ್ಲಿ ಮೋಟಾರು ಹತ್ತುವಾಗ ದಾಕ್ಷಾಯಣಿ, “ನಿಮ್ ಗಂಟು ನಿಲ್ಲಾಕಿಲ್ಲ, ಕೊಡಿ ಇತ್ಲಾಗೆ” ಎಂದು ನನ್ನ ಕರಡಿಗೆಯ ಶಿವದಾರ ಕಿತ್ತುಕೊಂಡು, ಮೂರು ಸುತ್ತು ಸುತ್ತಿ, ತುದಿಯನ್ನು ಒಳಗೆ ಮಡಚಿ ಸಿಕ್ಕಿಸಿದ್ದಳು. ನೀವು ಪಕ್ಕದಲ್ಲೇ ನಿಂತು ಹೊತ್ತಾಯಿತೆಂದು ಗೊಣಗುತ್ತಿದ್ದಿರಿ. ಆ ದಾರ ಇಲ್ಲಿ ಎಣ್ಣೆ ಕುಡಿದು ಕೊಳೆಯಿತು. ಅವಳ ಗಂಟು ಬಿಚ್ಚಲು ಬಾರದೆ ಕತ್ತರಿಯಿಂದ ತೆಗೆದು, ಹೊಸದನ್ನು ನಾನೇ ಕಟ್ಟಿಕೊಂಡಿದ್ದೆ.

ಫೋರ್‌ಮನ್ ಕರಡಿಗೆಯನ್ನು ತನ್ನ ಕರವಸ್ತ್ರದಿಂದ ಒರೆಸಿ ನನ್ನ ಕೈಗಿಟ್ಟ. ನನ್ನನ್ನು ಎಂಜಿನ್ನಿನಿಂದ ತೆಗೆದು ಅರ ಉಜ್ಜುವ ಕೆಲಸಕ್ಕೆ ಹಾಕಿದ. ನನ್ನ ತಪ್ಪಿಗೆ ಅದು ಸರಿಯಾದ ಶಿಕ್ಷೆ. ನಮ್ಮ ದೇವರ ಹೆಸರೂ ತಿಳಿಯದವನು ಇಷ್ಟು ಮರ್ಯಾದೆಯಿಂದ ನಡೆದುಕೊಂಡ. ಒಂದೇ ತಾಯಿಯ ಹಾಲು ಕುಡಿದ ನೀವು ನನ್ನನ್ನು ಹೂತುಬಿಟ್ಟಿರಿ.

ಮಾರ್ಚಿ ತಿಂಗಳಲ್ಲಿ ಬರುತ್ತೇನೆ. ಲಿಂಗ ಕೊರಳಲ್ಲೇ ಇದೆ. ಹೊಸ್ತಿಲಲ್ಲಿ ತಡೆಯುವುದಾದರೆ ಹತ್ತು ಜನರ ಮುಂದೆ ತಡೆಯಿರಿ. ಅವಳ ಕೊರಳಿಗೆ ಕೈ ಹಾಕಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಇನ್ನು ಮೇಲೆ ನಾನು ನಿಮ್ಮ ತಮ್ಮನಲ್ಲ. ಇದು ನೀವೇ ಆಡಿದ ಮಾತು, ನಾನು ಒಪ್ಪಿಕೊಂಡಿದ್ದೇನೆ ಅಷ್ಟೆ.

ಅತ್ತಿಗೆ ಸರೋಜಮ್ಮನವರಿಗೆ ನಮಸ್ಕಾರ. ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ. ಚೆನ್ನಾಗಿ ಬಾಳಲಿ, ಗುಣದಲ್ಲಿ ತಾಯಿಯನ್ನು ಹೋಲಲಿ.

ಇಂತು,
ರೇಣುಕಯ್ಯ

ತಾ.ಕ. ಇಷ್ಟು ಬರೆದ ಮೇಲೆ ನಿಮ್ಮ ಪೊಟ್ಟಣ ಬಿಚ್ಚಿದೆ. ಹದಿನೆಂಟು ದಿನ ಧೈರ್ಯ ಬಂದಿರಲಿಲ್ಲ. ತಾಳಿಯ ಅರಿಶಿನ ದಾರವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತುದಿ ಕೆದರಿಲ್ಲ, ಮೊಂಡಾಗಿಯೂ ಇಲ್ಲ. ಮೂರು ಸುತ್ತಿನ ಸುಕ್ಕು, ಒಳಗೆ ಸಿಕ್ಕಿಸಿದ ತುದಿಯ ಮಡಿಕೆ, ಎರಡೂ ದಾರದ ಮೇಲೆ ಹಾಗೇ ಇವೆ. ನಿಧಾನವಾಗಿ ಬಿಚ್ಚಿ, ನಾಲ್ಕಾಗಿ ಮಡಚಿ ಇಟ್ಟಿದ್ದಾಳೆ. ದಾರ ಬದಲಾಯಿಸಿದಾಗ ಅವಳೇ ಹಾಕಿಕೊಂಡ ಗಂಟು ಅದು, ಬಿಚ್ಚಲು ಬರುವುದೂ ಅವಳೊಬ್ಬಳಿಗೇ; ನೀವು ಕಿತ್ತದ್ದಲ್ಲ.

ಮೂರು ವರ್ಷದಲ್ಲಿ ಹನ್ನೊಂದು ಕಾಗದ ಬರೆದೆ, ಎಲ್ಲವೂ ನಿಮ್ಮ ಹೆಸರಿಗೆ. ಅವಳಿಗೆ ಓದಲು ಬರುತ್ತದೆ. ಇದನ್ನು ಅವಳಿಗೆ ಓದಿ ಹೇಳಬೇಡಿ, ಕಾಗದವನ್ನೇ ಅವಳ ಕೈಗೆ ಕೊಡಿ.