ಇಲಿಗಳ ತಂಗಿ

ಮನೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಮಂಡಿನೋವು ಹೇಗಿದೆ? ಚೀಲ ಹೊತ್ತು ಊರೂರು ಸುತ್ತುವಾಗ ಮೆಟ್ಟಿಲು ಹತ್ತೋದು ಕಡಿಮೆ ಮಾಡು ಅಂದ್ರೆ ನೀನೆಲ್ಲಿ ಕೇಳ್ತೀಯ! ಅಮ್ಮ ದಿನಾ ನಿನ್ನನ್ನೇ ನೆನೆಸ್ಕೋತಾಳೆ.

ಈಗ ನೀನು ಮಾರುವ ಆ ಸಕ್ಕರೆ ಕಾಯಿಲೆ ಪುಡಿಯ ವಿಷಯ. "ನಿಮ್ಮ ಲ್ಯಾಬಲ್ಲಿ ಪರೀಕ್ಷೆ ಮಾಡಿಸು, ಒಂದು ಸರ್ಟಿಫಿಕೇಟು ಸಿಕ್ಕಿದ್ರೆ ವ್ಯಾಪಾರ ಕುದುರುತ್ತೆ" ಅಂತ ಡಬ್ಬಿ ಕೊಟ್ಟವನು ನೀನೇ ತಾನೆ? ನಮ್ಮ ಮೇಡಂ ಒಪ್ಪಿದರು. ಮೈಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಸಾಯಿಸುವ ರಾಸಾಯನಿಕವೊಂದಿದೆ. ಅದನ್ನು ನನ್ನ ಕೈಯಾರೆ ಇಲಿಗಳಿಗೆ ಚುಚ್ಚಿದೆ. ಚೆನ್ನಾಗಿದ್ದ ಪ್ರಾಣಿಗಳಿಗೆ ನಾವೇ ಕಾಯಿಲೆ ತರಿಸೋದು, ಅಣ್ಣಾ. ಕೆಲವೇ ದಿನಕ್ಕೆ ಬಾಟಲಿಗಟ್ಟಲೆ ನೀರು ಕುಡಿದು, ಗೂಡಿನಲ್ಲಿ ಹಾಸಿದ್ದ ಹೊಟ್ಟನ್ನೆಲ್ಲ ಒದ್ದೆ ಮಾಡಿ, ಎಷ್ಟು ತಿಂದರೂ ಸೊರಗುತ್ತಾ ಬಂದವು. ಬಾಲದ ತುದಿಯಿಂದ ಹನಿ ರಕ್ತ ತೆಗೆದು ನೋಡಿದರೆ ಸಕ್ಕರೆ ಗಗನಕ್ಕೇರಿತ್ತು. ಕೆಲವಕ್ಕೆ ಇನ್ಸುಲಿನ್ ಕೊಟ್ಟೆವು, ಇಳಿಯಿತು. ಕೆಲವಕ್ಕೆ ನಿನ್ನ ಪುಡಿ ಕೊಟ್ಟೆವು, ತಿಂಗಳುಗಟ್ಟಲೆ ಕೊಟ್ಟೆವು. ಏನೂ ಔಷಧಿ ಕೊಡದೆ ಬಿಟ್ಟಿದ್ದ ಇಲಿಗಳಿಗೂ ಅವಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ.

ಹೋದ ವಾರ ಫೋನಲ್ಲಿ ಇದನ್ನೇ ಹೇಳಿದಾಗ ನೀನು ಮೊದಲು ನಕ್ಕೆ, ಆಮೇಲೆ ಸಿಡುಕಿದೆ. "ಎರಡು ಸಾಲು ಒಳ್ಳೇದು ಬರೆಸಿಕೊಟ್ರೆ ನಿನ್ನ ಗಂಟೇನು ಹೋಗುತ್ತೆ? ನೀನು ನನ್ನ ತಂಗಿಯೋ, ಇಲಿಗಳ ತಂಗಿಯೋ?" ಅಂದು ಫೋನಿಟ್ಟೆ. ಅವತ್ತಿಂದ ನಾನು ಮಾಡಿದರೆ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಉತ್ತರ ತಗೋ: ಈ ವಿಷಯದಲ್ಲಿ ನಾನು ಇಲಿಗಳ ತಂಗಿಯೇ. ಅವಕ್ಕೆ ಅಷ್ಟು ನೋವು ಕೊಟ್ಟು ತಿಳಿದುಕೊಂಡದ್ದನ್ನು ನಿನಗೋಸ್ಕರ ತಿರುಚಿದರೆ ನಾನು ಮಾಡಿದ್ದು ಬರೀ ಹಿಂಸೆ ಆಗುತ್ತೆ. ತಿರುಚಲ್ಲ. ನೀನು ಜನ್ಮಪೂರ್ತಿ ಮಾತು ಬಿಟ್ಟರೂ ತಿರುಚಲ್ಲ. ಪುಡಿಯಿಂದ ಏನೂ ಪ್ರಯೋಜನವಿಲ್ಲ ಅಂತಲೇ ವರದಿಗೆ ಸಹಿ ಹಾಕಿದ್ದೀನಿ. ನಿಮ್ಮ ಕಂಪನಿ ಮಾಲೀಕರಿಗೂ ಒಂದು ಪ್ರತಿ ಹೋಗಿದೆ. ಅವರು ಕೂಗಾಡಿದರೆ ನನ್ನ ನಂಬರು ಕೊಡು.

ಕೋಪ ಬಂದರೆ ಹೊಟ್ಟೆತುಂಬ ಬೈದು ಬರಿ. ಊಟ ಮಾತ್ರ ಬಿಡಬೇಡ.

ನಿನ್ನ,
ಮೊಂಡಿ

ಮತ್ತೆ: "ಅವನಿಗೆ ಹೇಳ್ಬೇಡ, ನೊಂದ್ಕೋತಾನೆ" ಅಂದಿದ್ದಾಳೆ ಅಮ್ಮ. ಹೇಳ್ತೀನಿ. ನಿನ್ನ ಮಾತು ನಂಬಿ, ನನಗೂ ತಿಳಿಸದೆ, ಇನ್ಸುಲಿನ್ ಬಿಟ್ಟು ಆ ಪುಡಿ ತಗೋತಿದ್ದಳಂತೆ. ಗುರುವಾರ ಬಚ್ಚಲಲ್ಲಿ ಕುಸಿದುಬಿದ್ದಳು. ಆಸ್ಪತ್ರೆಯಲ್ಲಿದ್ದಾಳೆ. ಜೀವಕ್ಕೆ ಅಪಾಯವಿಲ್ಲ ಅಂದರು ಡಾಕ್ಟರು, ನಿನ್ನೆಯಿಂದ ಮಾತಾಡ್ತಿದ್ದಾಳೆ. ಕಾಗದ ಸಿಕ್ಕಿದ ಕೂಡಲೇ ಹೊರಟು ಬಾ. ಚೀಲದಲ್ಲಿ ಉಳಿದಿರೋ ಡಬ್ಬಿಗಳನ್ನ ದಾರಿಯಲ್ಲಿ ಇನ್ಯಾರ ಅಮ್ಮನಿಗೂ ಮಾರಬೇಡ.